ದಾರ ಕೊಳ್ಳುವಾಗ ನೊರಜಿನ ವೇಗ ನೆನಪಿರಲಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ಯಾಮ್‌ಲೂಪ್ಸ್ ಸುತ್ತಮುತ್ತ ನೂರಾರು ಸಣ್ಣ ಸರೋವರಗಳಿವೆ. ವಸಂತದಲ್ಲಿ ಮಂಜುಗಡ್ಡೆ ಕರಗಿತೆಂದರೆ ಸಾಕು, ಟಂಕ್ವಾದಂಥ ಸರೋವರಗಳಲ್ಲಿ ರೇನ್‌ಬೋ ಟ್ರೌಟ್‌ಗೆ ಗಾಳ ಹಾಕುವವರ ದೋಣಿಗಳು ನೀರಿಗಿಳಿಯುತ್ತವೆ. ಆ ಮೀನುಗಳ ದೊಡ್ಡ ಆಹಾರ ಕೈರೊನೊಮಿಡ್ ಎಂಬ ನೊರಜು. ನೋಡಲು ಸೊಳ್ಳೆಯ ಹಾಗೇ ಇದ್ದರೂ ಕಚ್ಚುವುದಿಲ್ಲ.

ಇದರ ಮರಿಹುಳು ತಳದ ಕೆಸರಲ್ಲಿ ಬೆಳೆಯುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಹಲವು ಜಾತಿಗಳ ಮೈಯಲ್ಲಿ ಹಿಮೋಗ್ಲೋಬಿನ್ ಇದ್ದು, ಹುಳು ಕೆಂಪಗಿರುತ್ತದೆ. ಪ್ಯೂಪಾ (ಕೋಶಾವಸ್ಥೆ) ಆದಮೇಲೆ ಚರ್ಮದಡಿ ಗಾಳಿ ತುಂಬಿಕೊಂಡು, ನಿಂತು ನಿಂತು, ಬಹಳ ನಿಧಾನವಾಗಿ ಮೇಲೇರುತ್ತದೆ. ಟ್ರೌಟ್‌ಗೆ ಅಟ್ಟಿಸಿಕೊಂಡು ಹೋಗುವ ಶ್ರಮವಿಲ್ಲ. ಒಂದೇ ಆಳದಲ್ಲಿ ತಿರುಗಾಡುತ್ತ, ಎದುರಾದದ್ದನ್ನು ನುಂಗುತ್ತ ಹೋಗುತ್ತದೆ. ಕೊಕ್ಕೆಗೆ ಕಟ್ಟುವ ನಮ್ಮ ನಕಲಿ ನೊರಜೂ ಅದೇ ಆಳದಲ್ಲಿ, ಅಲುಗಿತೋ ಇಲ್ಲವೋ ಎಂಬಷ್ಟು ನಿಧಾನದಲ್ಲಿ ಇರಬೇಕು. ಅದನ್ನು ಅಲ್ಲಿ ಹಿಡಿದಿಡುವ ಕೆಲಸ ದಾರದ್ದು. ದುಬಾರಿ ಕೋಲು ಕೊಂಡು, ದಾರದಲ್ಲಿ ದುಡ್ಡು ಉಳಿಸಲು ಹೋಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಕಟ್ಟಿದ ನಕಲಿ ಹುಳುವಿಗೆ ತೂಕವೇ ಇರುವುದಿಲ್ಲ. ದಾರದ ತೂಕವೇ ಅದನ್ನು ದೂರ ಒಯ್ಯಬೇಕು. ಡಬ್ಬದ ಮೇಲಿನ ನಂಬರು ದಾರದ ಮೊದಲ 30 ಅಡಿ ಎಷ್ಟು ಭಾರವೆಂದು ಹೇಳುತ್ತದೆ; 6ನೇ ನಂಬರಿನದಾದರೆ 160 ಗ್ರೇನ್, ಅಂದರೆ ಸುಮಾರು 10 ಗ್ರಾಂ. ಈ ಸರೋವರಗಳಿಗೆ 5 ಅಥವಾ 6 ಸಾಕು.

ಮೊದಲು ಕೊಳ್ಳಬೇಕಾದದ್ದು ತೇಲುವ ದಾರ, ಅದರಲ್ಲೂ ಮುಂಭಾಗ ದಪ್ಪಗಿರುವಂಥದ್ದು. ಏಕೆಂದರೆ ಅದು ಹೊತ್ತೊಯ್ಯಬೇಕಾದ ಸರಂಜಾಮು ಸಣ್ಣದಲ್ಲ: ತುದಿಗೆ 15ರಿಂದ 20 ಅಡಿ ಉದ್ದದ ಲೀಡರ್ ಎಂಬ ತೆಳು ಎಳೆ, ಅದರ ಮೇಲೊಂದು ಬೆಂಡು. ಆಳ ಅಳೆಯುವ ಉಪಾಯ ಸರಳ. ಕೊಕ್ಕೆಗೆ ಸಣ್ಣ ಇಕ್ಕಳ ಸಿಕ್ಕಿಸಿ ದೋಣಿಯ ಪಕ್ಕದಲ್ಲೇ ಇಳಿಬಿಡಬೇಕು. ತಳ ಮುಟ್ಟಿ ದಾರ ಸಡಿಲವಾದಾಗ, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಬೆಂಡನ್ನು ಬಿಗಿಯಬೇಕು. ಇಕ್ಕಳ ತೆಗೆದು ಬೀಸಿದರೆ ಹುಳು ತಳದಿಂದ ಒಂದಡಿ ಮೇಲೆ ನೇತಾಡುತ್ತದೆ. ಬೆಂಡು ಮಾತ್ರ ಮೀನು ಎಳೆದಾಗ ತಾನಾಗಿ ಬಿಚ್ಚಿ ಜಾರುವಂಥದ್ದಿರಲಿ. ಇಲ್ಲದಿದ್ದರೆ ಅದು ಕೋಲಿನ ತುದಿಗೆ ಸಿಕ್ಕಿಕೊಳ್ಳುತ್ತದೆ, ಮೀನು ಇನ್ನೂ 15 ಅಡಿ ಆಚೆ ಒದ್ದಾಡುತ್ತಿರುತ್ತದೆ, ಬಲೆಗೆ ಎಟಕುವುದೇ ಇಲ್ಲ.

ಕಿರು ಅಲೆಗಳಿದ್ದರೆ ಒಳ್ಳೆಯದೇ. ಬೆಂಡು ಕುಣಿದು ಹುಳುವಿಗೂ ಜೀವ ಬಂದಂತಿರುತ್ತದೆ. ಅಡ್ಡಗಾಳಿ ಜೋರಾದರೆ ತೊಂದರೆ. ತೇಲುವ ದಾರ ಬಿಲ್ಲಿನಂತೆ ಬಾಗಿ, ಯಾವ ಪ್ಯೂಪಾವೂ ಈಜದ ವೇಗದಲ್ಲಿ ಹುಳುವನ್ನು ಎಳೆಯುತ್ತದೆ. ಇಂಟರ್‌ಮೀಡಿಯೆಟ್ ದಾರ ಉಪಯೋಗಕ್ಕೆ ಬರುವುದು ಆಗ. ಸೆಕೆಂಡಿಗೆ ಒಂದೂವರೆ ಅಂಗುಲದಷ್ಟು ಮಾತ್ರ ಮುಳುಗುವ ಇದು ಗಾಳಿಯ ಕೈಗೆ ಸಿಗುವುದಿಲ್ಲ. ಇದಕ್ಕೆ ಬೆಂಡು ಬೇಡ. ದಾರವನ್ನು ಬೆರಳುಗಳಲ್ಲಿ ಸುತ್ತಿಕೊಳ್ಳುತ್ತ, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಎಳೆಯಬೇಕು.

ನೀರು 30 ಅಡಿಗೂ ಆಳವಿದ್ದರೆ, ಸೆಕೆಂಡಿಗೆ ಆರೇಳು ಅಂಗುಲ ಮುಳುಗುವ ಭಾರದ ದಾರವನ್ನು ದೋಣಿಯಡಿ ನೆಟ್ಟಗೆ ಇಳಿಬಿಟ್ಟು ಮೇಲಕ್ಕೆ ತರುತ್ತಾರೆ. ಪ್ಯೂಪಾ ಏರುವ ದಾರಿಯೂ ಅದೇ. ಆದರೆ ಅಷ್ಟು ಆಳಕ್ಕೆ ಹೋಗುವ ಪ್ರಸಂಗ ಕಡಿಮೆ. ಅದನ್ನು ಕೊಳ್ಳಲು ಅವಸರ ಬೇಡ, ತೇಲುವ ದಾರ ಮತ್ತು ಇಂಟರ್‌ಮೀಡಿಯೆಟ್ ಎರಡೇ ಬಹಳ ಕಾಲ ಸಾಕಾಗುತ್ತವೆ.

ಕೊಂಡ ದಾರವನ್ನು ಆಗಾಗ ತೆಳುವಾದ ಸೋಪುನೀರಲ್ಲಿ ಒರೆಸಿ. ಕೊಳೆ ಹತ್ತಿದ ತೇಲುವ ದಾರದ ತುದಿ ಮುಳುಗತೊಡಗುತ್ತದೆ. ಸೊಳ್ಳೆ ಕಾಟಕ್ಕೆಂದು ಡೀಟ್ ಇರುವ ಮುಲಾಮು ಹಚ್ಚಿಕೊಂಡಿದ್ದರೆ ಕೈ ತೊಳೆಯದೆ ದಾರ ಮುಟ್ಟಬೇಡಿ, ಅದು ಪ್ಲಾಸ್ಟಿಕ್ ಲೇಪನವನ್ನೇ ತಿಂದುಹಾಕುತ್ತದೆ.