ನಿಧಾನವಾಗಿ ಕೆಡುವ ಪ್ಲಾಸ್ಟಿಕ್



ನಾವಿಂದು ಸೇರಿರುವ ಕಾರ್ಲ್‌ಸ್ಕ್ರೂನಾಕ್ಕೂ ವಿಕಿರಣಕ್ಕೂ ಹಳೆಯ ನಂಟಿದೆ. 1981ರ ಅಕ್ಟೋಬರ್ ಕೊನೆಯಲ್ಲಿ ಸೋವಿಯತ್ ಜಲಾಂತರ್ಗಾಮಿಯೊಂದು ಇಲ್ಲಿನ ನೌಕಾನೆಲೆಯ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಸ್ವೀಡನ್ನಿನವರು ಹೊರಗಿನಿಂದಲೇ ಗಾಮಾ ಕಿರಣ ಅಳೆದು, ಒಳಗೆ ಯುರೇನಿಯಂ ಇರುವ ಸುಳಿವು ಹಿಡಿದರು. ವಿಕಿರಣವನ್ನೂ ಕಣಗಳನ್ನೂ ಪತ್ತೆಮಾಡುವ ಸಾಧನಗಳು ಹಲವು ಬಗೆ. ಅವುಗಳಲ್ಲಿ ಅಗ್ಗದ್ದೊಂದು ಪ್ಲಾಸ್ಟಿಕ್ ಹಲಗೆ, ಸಿಂಟಿಲೇಟರ್ ಎನ್ನುತ್ತಾರೆ.

ಅದು ನಮ್ಮೂರಿಗೂ ಹೊಸದಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಿಐಎಫ್‌ಆರ್ ವಿಜ್ಞಾನಿಗಳು ಬ್ರಿಟನ್ ಮತ್ತು ಜಪಾನಿನವರ ಜೊತೆಗೂಡಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದಾಗ ಇಂಥ ಹಲಗೆಗಳನ್ನೇ ಬಳಸಿದ್ದರು. ಅಲ್ಲಿ ಕಣ ಬರುವುದೇ ಅಪರೂಪ, ವಿಕಿರಣದಿಂದ ಹಲಗೆ ಕೆಡುವ ಚಿಂತೆ ಇರಲಿಲ್ಲ. ಜಿನೀವಾ ಬಳಿಯ ಸರ್ನ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿಗಳು.

ಹಲಗೆಯ ಮೈ ಹೆಚ್ಚಾಗಿ ಪಾಲಿಸ್ಟೈರೀನ್. ಬಿಸಾಡುವ ಲೋಟಗಳಲ್ಲಿ ಇರುತ್ತದಲ್ಲ, ಅದೇ ಜಾತಿ. ಕಣವೊಂದು ಹಾದುಹೋದರೆ, ಅದರಲ್ಲಿ ಬೆರೆಸಿದ ಚಿಟಿಕೆ ರಾಸಾಯನಿಕ ಕೆಲವೇ ನ್ಯಾನೋಸೆಕೆಂಡು ನೀಲಿಯಾಗಿ ಮಿನುಗುತ್ತದೆ. ಎಷ್ಟು ಬೆಳಕು ಬಂತು ಎಂಬುದರ ಮೇಲೆ ಕಣ ಬಿಟ್ಟುಹೋದ ಶಕ್ತಿಯ ಲೆಕ್ಕ. ಬೆಳಕು ಕುಗ್ಗಿದ್ದು ಗೊತ್ತಾಗದಿದ್ದರೆ ಲೆಕ್ಕವೇ ತಪ್ಪು.

ಕುಗ್ಗುವುದು ಹೇಗೆ? ವಿಕಿರಣ ಪ್ಲಾಸ್ಟಿಕ್ಕಿನ ಸರಪಳಿಯ ಕೊಂಡಿಗಳನ್ನು ಮುರಿಯುತ್ತದೆ. ಮುರಿದ ತುದಿಗಳು ನೀಲಿ ಬೆಳಕನ್ನು ನುಂಗುತ್ತವೆ, ಹಲಗೆ ಹಳದಿಗೆ ತಿರುಗುತ್ತದೆ. ಇಲ್ಲಿ ಆಮ್ಲಜನಕದ್ದು ಎರಡು ಮುಖ. ಮೆಲ್ಲಗೆ ಒಳಗಿಳಿದು ಆ ತುದಿಗಳ ಜೊತೆ ಸೇರಿ ಬಣ್ಣವನ್ನು ಸ್ವಲ್ಪ ತಿಳಿಯಾಗಿಸುವುದೂ ಅದೇ, ಶಾಶ್ವತ ಕಲೆಯನ್ನು ಬಿಟ್ಟುಹೋಗುವುದೂ ಅದೇ.

ಎಂಜಿನಿಯರುಗಳು ಏಮಾರಿದ್ದು ಇಲ್ಲೇ. ಹತ್ತು ವರ್ಷದ ವಿಕಿರಣವನ್ನು ಕೆಲವೇ ದಿನಗಳಲ್ಲಿ ಕೊಬಾಲ್ಟ್-60 ಮೂಲದಿಂದ ಸುರಿದು ಪರೀಕ್ಷಿಸುವುದು ರೂಢಿ. ನಮ್ಮಲ್ಲಿ ಟೆಲಿಕಾಂ ಉಪಕರಣಗಳನ್ನು ಒಲೆಯಲ್ಲಿಟ್ಟು ಆಯುಷ್ಯ ನೋಡುವವರಿಗೆ ಇದು ಪರಿಚಿತ ದಾರಿ. ಆದರೆ ಅಷ್ಟು ವೇಗದಲ್ಲಿ ಸುರಿದರೆ ಆಮ್ಲಜನಕ ಮೇಲ್ಮೈಯಲ್ಲೇ ಮುಗಿದುಹೋಗುತ್ತದೆ, ಒಳಗಿನ ಭಾಗ ಪಾರಾಗುತ್ತದೆ. ಅದೇ ಪ್ರಮಾಣ ವರ್ಷಗಟ್ಟಲೆ ಹನಿಹನಿಯಾಗಿ ಬಿದ್ದಾಗ ಆಮ್ಲಜನಕ ತಳದವರೆಗೂ ತಲುಪಿ ಹೆಚ್ಚು ಹಾನಿ ಮಾಡಬಲ್ಲದು. ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಎರಡು ತುದಿಗಳ ಹಲಗೆಗಳ ಬೆಳಕು 2012ರ ಹೊತ್ತಿಗೆ ನಿರೀಕ್ಷೆಗಿಂತ ಬೇಗ ಕುಗ್ಗಿದ್ದು ಕಂಡಿತು. ದಿನಗಳ ಪರೀಕ್ಷೆಯನ್ನು ವರ್ಷಗಳಿಗೆ ಹಿಗ್ಗಿಸುವಾಗ ಎಲ್ಲರೂ ಮಾಡಬಹುದಾದ ತಪ್ಪು ಎಂದೇ ನನ್ನ ಎಣಿಕೆ.

ಸಾವಿರಾರು ಹಲಗೆಗಳನ್ನು ಕಿತ್ತು ಬದಲಿಸುವುದು ಸುಲಭವಲ್ಲ. ಹಾಗಾಗಿ ಬೆಳಕನ್ನು ಓದುವ ಕಣ್ಣುಗಳನ್ನು ಬದಲಿಸಿದರು: 2018ರ ಹೊತ್ತಿಗೆ ಆ ತುದಿಗಳಲ್ಲಿ ಇನ್ನೂ ಮಂದ ಬೆಳಕನ್ನು ಹಿಡಿಯುವ ಸಿಲಿಕಾನ್ ಸಂವೇದಕಗಳು ಬಂದವು. ಮುಂದಿನ ಹಂತಕ್ಕೆ ಸಿದ್ಧವಾಗುತ್ತಿರುವ ಹೊಸ ಉಪಕರಣದಲ್ಲಿ ಕಿರಣಪುಂಜದ ಹತ್ತಿರಕ್ಕೆ ಪೂರಾ ಸಿಲಿಕಾನ್. ಪ್ಲಾಸ್ಟಿಕ್ಕಿಗೆ ವಿಕಿರಣ ಕಡಿಮೆ ಇರುವ ಹೊರಭಾಗ ಮಾತ್ರ. ಎಲ್ಲವನ್ನೂ ಸುಮಾರು ಮೈನಸ್ 30 ಡಿಗ್ರಿಯಲ್ಲಿ ಇಡುತ್ತಾರೆ; ಇಲ್ಲಿನ ಚಳಿಗಾಲವೇ ವಾಸಿ!