ನೋವು ಹೋಗಿತ್ತು, ಭುಜ ವಾಸಿಯಾಗಿರಲಿಲ್ಲ!

ಭಾನುವಾರದ ಕ್ರಿಕೆಟ್. ಕ್ಯಾಚ್ ಹಿಡಿಯಲು ಹಾರಿದವನು ಚಾಚಿದ ಬಲಗೈ ಮೇಲೆ ಬಿದ್ದೆ. ಒಳಗೇನೋ ‘ಟಕ್’ ಅಂತ ಜಾರಿದ ಹಾಗಾಯ್ತು. ನೋಡಿದರೆ ಭುಜದ ಗುಂಡಗಿನ ಆಕಾರವೇ ಮಾಯ, ಕೈ ಎತ್ತೋಕೇ ಆಗ್ತಿಲ್ಲ. ಗೆಳೆಯನೊಬ್ಬ ‘ಎಳೆದು ಕೂರಿಸ್ತೀನಿ’ ಅಂತ ಮುಂದೆ ಬಂದ. ಪುಣ್ಯಕ್ಕೆ ಇನ್ನೊಬ್ಬ ತಡೆದ. ಹಾಗೆ ಎಳೆದರೆ ನರ, ರಕ್ತನಾಳಗಳಿಗೆ ಪೆಟ್ಟಾಗಬಹುದು, ಮೂಳೆಯೂ ಮುರಿಯಬಹುದು ಅಂತ ಆಮೇಲೆ ಗೊತ್ತಾಯ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮಂಪರು ಬರಿಸಿ ಕೀಲನ್ನು ಕೂರಿಸಿದರು.

ಶಾಲೆಯಲ್ಲಿ ಆಡಿದ ನಿಂಬೆಹಣ್ಣು-ಚಮಚದ ಓಟ ನೆನಪಿದೆಯಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಗುಣಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತೆ, ಅದಕ್ಕೇ ಸುಲಭವಾಗಿ ಜಾರಲೂಬಹುದು. ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಅಸ್ಥಿರಜ್ಜು ಮತ್ತು ಸ್ನಾಯುಗಳು. ಒಮ್ಮೆ ಜಾರಿದರೆ ಅವು ಹರಿಯುತ್ತವೆ, ಇಲ್ಲವೇ ಸಡಿಲವಾಗುತ್ತವೆ. ಚಿಕ್ಕ ವಯಸ್ಸಿನವರಲ್ಲಿ ಮತ್ತೆ ಜಾರುವ ಸಾಧ್ಯತೆ ಇನ್ನೂ ಹೆಚ್ಚು.

3 ವಾರ ಬಲಗೈ ಸ್ಲಿಂಗ್‌ನಲ್ಲಿ. ಎಡಗೈಯಲ್ಲೇ ಊಟ, ಎಡಗೈಯಲ್ಲೇ ಕೋಡಿಂಗ್. ಅದೆಲ್ಲ ಹೇಗೋ ನಡೆಯಿತು. ಹತ್ತು ತಿಂಗಳ ಮಗಳು ಎರಡೂ ಕೈ ಚಾಚಿದಾಗ ಎತ್ತಿಕೊಳ್ಳಲಾಗದೆ ನಿಂತದ್ದೇ ಕಷ್ಟವಾಗಿದ್ದು.

ಆಮೇಲೆ ಫಿಸಿಯೋಥೆರಪಿ. ಮೊದಲು ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸೋದು. ಗೋಡೆ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸೋದು. ಮುಟ್ಟಿದ ಜಾಗಕ್ಕೆ ದಿನಾ ಒಂದು ಪೆನ್ಸಿಲ್ ಗುರುತು. ನಂತರ ಅಂಗೈಯಿಂದ ಗೋಡೆ ಒತ್ತೋದು, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ರಬ್ಬರ್ ಬ್ಯಾಂಡ್ ಎಳೆಯೋದು. ಚೆಂಡು ಎಸೆಯುವವರ ಹಾಗೆ ಕೈ ಎತ್ತಿ ಹಿಂದಕ್ಕೆ ತಿರುಗಿಸುವುದು ಮಾತ್ರ ಸದ್ಯಕ್ಕೆ ಬೇಡ ಅಂದಿದ್ದರು.

ಎರಡು ತಿಂಗಳಿಗೆ ನೋವು ಹೋಯ್ತು. ಆಫೀಸಿನಲ್ಲಿ ಗಡಿಬಿಡಿ ಬೇರೆ. ವ್ಯಾಯಾಮ ಬಿಟ್ಟೆ. ಒಂದು ಸಂಜೆ ಬಸ್ಸಿನಲ್ಲಿ ಬಲಗೈಲಿ ಮೇಲಿನ ಕಂಬಿ, ಎಡಗೈಲಿ ಮಗಳು. ಡ್ರೈವರ್ ಬ್ರೇಕ್ ಒತ್ತಿದ್ದೇ ತಡ, ಭುಜ ಅರ್ಧ ಜಾರಿ ವಾಪಸ್ ಕೂತಿತು. ಮಗಳು ಬೀಳಲಿಲ್ಲ. ಆದರೆ ನನ್ನ ಮೈಯೆಲ್ಲ ಬೆವರು. ಪಕ್ಕದ ಸೀಟಿನ ಅಜ್ಜಿಯೊಬ್ಬರು ನನ್ನ ಮುಖ ನೋಡಿಯೇ ಅವಳನ್ನು ಮಡಿಲಿಗೆ ತಗೊಂಡರು.

ಮರುದಿನ ಡಾಕ್ಟರಿಗೆ ತೋರಿಸಿ ಫಿಸಿಯೋ ಹತ್ತಿರ ಹೋದೆ. ಅವರು ಬೈಯಲಿಲ್ಲ. ‘ಎರರ್ ಕಾಣಿಸಲಿಲ್ಲ ಅಂತ ನೀವು ಟೆಸ್ಟ್ ಮಾಡದೇ ಸಾಫ್ಟ್‌ವೇರ್ ಕೊಟ್ಟುಬಿಡ್ತೀರಾ?’ ಅಂದರು ಅಷ್ಟೇ. ನೋವು ಹೋಗಲು ವಾರಗಳು ಸಾಕು, ಬಲ ಬರಲು ತಿಂಗಳುಗಳು ಬೇಕು. ಮತ್ತೆ ಮತ್ತೆ ಜಾರಿದರೆ ಆಪರೇಷನ್ನೇ ಬೇಕಾಗಬಹುದು.

ಈಗ ಆರು ತಿಂಗಳಾಯ್ತು. ಬೆಳಿಗ್ಗೆ ಕುಕ್ಕರ್ ಇಟ್ಟ ಹೊತ್ತಲ್ಲೇ ನನ್ನ ವ್ಯಾಯಾಮ. ನಿಮಗೂ ಹೀಗಾಗಿದ್ದರೆ ನನ್ನದನ್ನು ನಕಲು ಮಾಡಬೇಡಿ, ಒಬ್ಬೊಬ್ಬರ ಪೆಟ್ಟು ಒಂದೊಂದು ಥರ. ನಿಮ್ಮ ಫಿಸಿಯೋ ಹೇಳಿದ್ದನ್ನು ಅವರು ಸಾಕು ಅನ್ನುವವರೆಗೂ ಮಾಡಿ. ನನಗಿನ್ನೂ ಸಾಕು ಅಂದಿಲ್ಲ. ಬ್ಯಾಂಡಿನ ಇನ್ನೊಂದು ತುದಿ ಹಿಡಿದು ಎಳೆಯುವ ಮಗಳಿಗಂತೂ ಸಾಕಾಗುವುದೇ ಇಲ್ಲ!