ವೈದ್ಯರ ಮರುಪಾಠ

ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಸುತ್ತೋಲೆಯ ಮಹಿಮೆ ಚೆನ್ನಾಗಿ ಗೊತ್ತು. ನಿಯಮವೊಂದು ಬದಲಾದರೆ ಕಾಗದ ಬರುತ್ತದೆ. ‘ನೋಡಿದೆ’ ಎಂದು ಸಹಿ ಹಾಕಿ ಮುಂದಿನ ಮೇಜಿಗೆ ದಾಟಿಸುತ್ತೇವೆ. ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಆದರೆ ಬೀದಿಯ ಮೂಲೆಯಲ್ಲಿ ಒಬ್ಬರೇ ಕುಳಿತು ಚಿಕಿತ್ಸೆ ನಡೆಸುವ ವೈದ್ಯರಿಗೆ ಇಂತಹ ಕಾಗದ ತಂದುಕೊಡುವ ಜವಾನನೂ ಇಲ್ಲ. ತಾವು ಕಾಲೇಜು ಬಿಟ್ಟ ಮೇಲೆ ವೈದ್ಯಶಾಸ್ತ್ರ ಎಷ್ಟು ದೂರ ನಡೆದಿದೆ ಎಂಬುದನ್ನು ಅವರೇ ಹುಡುಕಿಕೊಂಡು ಹೋಗಿ ತಿಳಿಯಬೇಕು.

ಈ ವಿಚಾರ ನಮ್ಮ ಮನಸ್ಸನ್ನು ಹೊಕ್ಕದ್ದು ನೆರೆಮನೆಯ ಕೂಸಿನಿಂದ. ಹತ್ತು ತಿಂಗಳ ಮಗು, ಭೇದಿ ಹತ್ತಿ ಮೂರು ದಿನವಾಗಿತ್ತು. ಮೊದಲು ನೋಡಿದ ವೈದ್ಯರು ಆಂಟಿಬಯೋಟಿಕ್ ಒಂದನ್ನು, ಭೇದಿ ಕಟ್ಟುವ ಔಷಧ ಇನ್ನೊಂದನ್ನು ಬರೆದುಕೊಟ್ಟು, ಹಾಲು ನಿಲ್ಲಿಸಿ ಎಂದು ಹೇಳಿ ಕಳುಹಿಸಿದ್ದರು. ಒ.ಆರ್.ಎಸ್. ಮಾತೇ ಇಲ್ಲ. ಮೂರನೆಯ ಸಂಜೆ ಮಗುವಿನ ಕಣ್ಣು ಗುಳಿಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುತ್ತಿತ್ತು. ಆಗ ಧಾರವಾಡದ ಕಡೆಯ ವೃದ್ಧ ವೈದ್ಯರೊಬ್ಬರಲ್ಲಿಗೆ ಓಡಿದರು. ಅವರು ತಾಯಿಯನ್ನು ಅಲ್ಲೇ ಕೂರಿಸಿ, ಚಮಚ ಚಮಚವಾಗಿ ಒ.ಆರ್.ಎಸ್. ಕುಡಿಸುತ್ತ ನಾಲ್ಕು ತಾಸು ಕಾದರು. ಎದೆಹಾಲು ನಿಲ್ಲಿಸಬೇಡಮ್ಮ ಎಂದರು. ಸತುವಿನ ಗುಳಿಗೆ ಬರೆದುಕೊಟ್ಟರು. ಮಗು ಮೂತ್ರ ಮಾಡಿದಾಗ ತಾಯಿಗೆ ಅಳು ತಡೆಯಲಾಗಲಿಲ್ಲ.

“ರಾಯರೇ, ನಾವು ಓದುವಾಗ ಸತು ಅಂದರೆ ಮುಲಾಮು. ಭೇದಿಗೆ ನುಂಗಿಸೋದು ಎಲ್ಲಿಂದ ಬಂತು? ಕೂದಲು ಬೆಳ್ಳಗಾದ ಮೇಲೆ ಭಾನುವಾರದ ಕ್ಲಾಸಿನಲ್ಲಿ ಕಲಿತದ್ದು ಇದು” ಎಂದು ಅವರು ನಮಗೆ ನಕ್ಕು ಹೇಳಿದರು.

ಒ.ಆರ್.ಎಸ್. ಕಥೆಯಾದರೂ ವೈದ್ಯರು ಮರುಪಾಠ ಕಲಿತ ಕಥೆಯೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಲದ ಬನಗಾಂವಿನಲ್ಲಿ ನರಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಅಡಿಗೆ ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರೇ ಕುಡಿಸುವಂತೆ ಮಾಡಿದರು. ನೂರಕ್ಕೆ 30ರ ಸುಮಾರಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಆದರೂ ವೈದ್ಯಲೋಕ ಇದನ್ನು ಕೂಡಲೇ ನಂಬಲಿಲ್ಲ. ಬಾಯಿಂದ ಕುಡಿಸಿದ ನೀರು ಸೂಜಿಯ ನೀರಿಗೆ ಸಮನಾದೀತೇ ಎಂಬ ಶಂಕೆ! 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಶತಮಾನದ ಅತ್ಯಂತ ಮಹತ್ತ್ವದ ವೈದ್ಯಕೀಯ ಮುನ್ನಡೆ ಇದ್ದರೂ ಇರಬಹುದೆಂದು ಬರೆಯಿತು. ಡಾಕ್ಟರರು 2022ರಲ್ಲಿ ತೀರಿಕೊಂಡರು. ಮರುವರ್ಷ, ಮರಣೋತ್ತರವಾಗಿ, ಪದ್ಮವಿಭೂಷಣ ಬಂತು.

ಪಾಠ ಅಲ್ಲಿಗೂ ಮುಗಿಯಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ತುಸು ಇಳಿಸಿತು; ಮಕ್ಕಳ ವಾಂತಿಯೂ ಭೇದಿಯೂ ಕಡಿಮೆಯಾದುವು. 2004ರಲ್ಲಿ ಯುನಿಸೆಫ್ ಜೊತೆಗೂಡಿ ಸತುವನ್ನು ಸೇರಿಸಿತು. ಆರು ತಿಂಗಳು ತುಂಬಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಮ್; ನಮ್ಮ ದೇಶದಲ್ಲಿ 14 ದಿನ, ಭೇದಿ ನಿಂತ ಮೇಲೂ ಬಿಡದೆ. 2000ಕ್ಕೆ ಮೊದಲು ಪದವಿ ಪಡೆದವರ ಪಠ್ಯಪುಸ್ತಕದಲ್ಲಿ ಇವೆರಡೂ ಇರಲು ಸಾಧ್ಯವೇ ಇಲ್ಲ.

ಕಾನೂನು ಈ ಬಗೆಗೆ ಸುಮ್ಮನೆ ಕುಳಿತಿಲ್ಲ. ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣದಲ್ಲಿ ಪಾಲುಗೊಳ್ಳಬೇಕೆಂದು 2002ರ ವೃತ್ತಿನೀತಿಯ ನಿಯಮಾವಳಿ ಹೇಳಿತು. ಐದು ವರ್ಷಕ್ಕೆ 30 ಗಂಟೆ! ನಮ್ಮ ಮುಂಬಯಿಯಲ್ಲಿ ಲೋಕಲ್ ಗಾಡಿಗೆ ಕಾಯುವುದರಲ್ಲಿಯೇ ಅಷ್ಟು ಹೊತ್ತು ಕಳೆದುಹೋಗುತ್ತದೆ. ಅದರಲ್ಲಿಯೂ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಅಪರೂಪದ ಕಾಯಿಲೆಗಳನ್ನು ಕುರಿತ ಉಪನ್ಯಾಸಕ್ಕೆ ಮರ್ಯಾದೆ ಹೆಚ್ಚು. ನೆಗಡಿ ಭೇದಿಗಳನ್ನು ಯಾರು ತಾನೇ ಕಲಿಯಬೇಕು ಎಂಬ ಭಾವ. ನಮ್ಮ ಅಭಿಪ್ರಾಯದಲ್ಲಿ ತಪ್ಪಿರುವುದು ಇಲ್ಲಿಯೇ. ದಿನಕ್ಕೆ ಇಪ್ಪತ್ತು ಸಲ ಕಾಣುವ ಕಾಯಿಲೆಯಲ್ಲಿಯೇ ಹಳೆಯ ರೂಢಿ ಗಟ್ಟಿಯಾಗಿ ಬೇರೂರಿರುತ್ತದೆ. 1963ರಲ್ಲಿ ಹುಟ್ಟಿದ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯವರು ಇಂತಹ ಸಾಧಾರಣ ವಿಷಯಗಳಿಗೂ ಮಾರ್ಗಸೂಚಿ ಬರೆಯುತ್ತ, ತರಗತಿ ನಡೆಸುತ್ತ ಬಂದಿರುವುದು ಸಮಾಧಾನದ ಸಂಗತಿ.

ಕೆಮ್ಮನ್ನೇ ನೋಡಿ. ಅದು ನ್ಯುಮೋನಿಯ ಹೌದೋ ಅಲ್ಲವೋ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿಯಲ್ಲಿ ಕಲಿಸುವ ಮೊದಲ ಕೆಲಸ ಉಸಿರೆಣಿಸುವುದು. ಮಗು ಅಳದೆ ಇರುವಾಗ, ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಅಲ್ಲಿಂದ ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಉಸಿರಾಟದ ವೇಗ ಹೆಚ್ಚೆಂದು ಲೆಕ್ಕ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಆದರೆ ಹೊರಗೆ ನಲವತ್ತು ಜನ ಕಾದಿರುವಾಗ ಒಂದು ನಿಮಿಷ ಸುಮ್ಮನೆ ಕುಳಿತು ಎಣಿಸುವುದು ಸುಲಭವಲ್ಲ. ಎಣಿಸದೆ ಔಷಧ ಬರೆದುಬಿಡುವುದು ಬಹಳ ಸುಲಭ.

ಕಲಿತದ್ದನ್ನು ಬಿಡುವುದೂ ಮರುಪಾಠದ ಭಾಗವೇ. ಜ್ವರಕ್ಕೆ ಧಾರಾಳವಾಗಿ ಬರೆಯುತ್ತಿದ್ದ ನಿಮೆಸುಲೈಡ್ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡಕೂಡದೆಂದು 2011ರಲ್ಲಿ ಸರಕಾರ ನಿಷೇಧಿಸಿತು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಲೇಕೂಡದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಸಲಹೆ ಹೊರಡಿಸಿತು. ವಿಷ ಬೆರೆತ ಸಿರಪ್ಪಿನಿಂದ ಮಧ್ಯಪ್ರದೇಶದಲ್ಲಿ ಮಕ್ಕಳು ಸತ್ತ ದಿನಗಳವು.

ದೋಷವೆಲ್ಲ ವೈದ್ಯರದೇ ಎಂದು ವಾಚಕರು ಭಾವಿಸಬಾರದು. “ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ, ನಾಳೆ ಶಾಲೆ ಇದೆ” ಎನ್ನುವವರು ನಾವೇ. ನಮ್ಮ ಪರಿಚಯದ ತರುಣ ವೈದ್ಯರೊಬ್ಬರು, ಮಗುವಿನ ನೆಗಡಿಗೆ ಔಷಧ ಬೇಡ, ಎದೆಹಾಲು ಕುಡಿಸಿ, ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ಉಸಿರು ವೇಗವಾದರೆ ಕೂಡಲೇ ಬನ್ನಿ ಎಂದು ಹದಿನೈದು ನಿಮಿಷ ವಿವರಿಸಿ ಕಳುಹಿಸಿದರು. ಮನೆಯ ಹಿರಿಯರಿಗೆ ಸಮಾಧಾನವಾಗಲಿಲ್ಲ. “ಏನೂ ಕೊಡದೆ ಫೀಸು ತಗೊಂಡ” ಎಂದರು. ಅದೇ ರಾತ್ರಿ ಎದುರು ಬೀದಿಯ ಔಷಧದಂಗಡಿಯಿಂದ ಕೆಮ್ಮಿನ ಸೀಸೆ ಮನೆಗೆ ಬಂತು.